ಹಳೇ ಪಿಕಪ್ ಏರು ಹತ್ತುತ್ತಿಲ್ಲವೇ? ಪಂಪು-ನಾಜಲ್ ಬಿಚ್ಚಿಸುವ ಮುನ್ನ ನೋಡಬೇಕಾದದ್ದು

ಖಾಲಿ ಇದ್ದಾಗ ಗಾಡಿ ಚೆನ್ನಾಗೇ ಓಡುತ್ತದೆ. ಒಂದು ಟನ್ ಟೊಮೆಟೊ ಹೇರಿ ಏರು ಹತ್ತಿಸಿದರೆ, ಮೊದಲು ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕು. ನಿಂತಲ್ಲಿ ಕ್ಯಾಬಿನ್ ಗಡಗಡ ನಡುಗುತ್ತದೆ, ನಡುನಡುವೆ ಇಂಜಿನ್ ಮಿಸ್ ಹೊಡೆಯುತ್ತದೆ (ಉರಿ ತಪ್ಪಿ ತಡವರಿಸುತ್ತದೆ). ಗ್ಯಾರೇಜಿನ ಬಾಗಿಲಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ತೀರ್ಪು ಬಂದಿರುತ್ತದೆ: “ಪಂಪು-ನಾಜಲ್ ಮಾಡಿಸಬೇಕು.” ಎಂದರೆ ಡೀಸೆಲ್ಲನ್ನು ಒತ್ತಡದಲ್ಲಿ ಕಳಿಸುವ ಪಂಪು, ಅದನ್ನು ಸಿಲಿಂಡರಿನೊಳಗೆ ಚದುರಿಸುವ ನಾಜಲ್, ಎರಡನ್ನೂ ಬಿಚ್ಚಿ ರಿಪೇರಿ ಮಾಡಿಸುವುದು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಅದು ಸಾವಿರಗಳ ಲೆಕ್ಕದ ಕೆಲಸ. ಬಿರುಕು ಬಿಟ್ಟ ಒಂದು ರಬ್ಬರ್ ಹೋಸ್, ಸವೆದ ಒಂದು ತಾಮ್ರದ ವಾಷರ್ ಕೂಡ ಇದೇ ಲಕ್ಷಣಗಳನ್ನು ತೋರಿಸುತ್ತವೆ. ಹಾಗಾಗಿ ಅಗ್ಗದ್ದನ್ನೆಲ್ಲ ನೋಡಿ ಮುಗಿಸಿದ ಮೇಲೆ ದುಬಾರಿಯದಕ್ಕೆ ಕೈ ಹಾಕುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಓಡಿಸಿ ನೋಡುವುದು. ಫಿಲ್ಟರು, ಹೋಸು, ನಾಜಲ್ ಎಲ್ಲ ಒಂದೇ ದಿನ ಬದಲಿಸಿದರೆ ಗಾಡಿ ಸರಿಹೋಗಬಹುದು, ಯಾವುದರಿಂದ ಸರಿಹೋಯಿತು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಇಲ್ಲಿ ಹೇಳುವುದು ನಮ್ಮ ರಸ್ತೆಗಳಲ್ಲಿ ಇನ್ನೂ ದುಡಿಯುತ್ತಿರುವ ಬೊಲೆರೊ ಪಿಕಪ್, ಟಾಟಾ 207 ಡಿಐ ತರಹದ ನಾಲ್ಕು ಸಿಲಿಂಡರಿನ ಡೀಸೆಲ್ ಗಾಡಿಗಳಿಗೆ. ಶುರು ಮಾಡುವ ಮೊದಲು ನಿಮ್ಮದು ಯಾವ ಜಾತಿಯ ಇಂಜಿನ್ ಎಂದು ಬಾನೆಟ್ ಎತ್ತಿ ಖಚಿತ ಮಾಡಿಕೊಳ್ಳಿ. ಪಂಪಿನಿಂದ ನಾಲ್ಕು ಸಣ್ಣ ಉಕ್ಕಿನ ಪೈಪುಗಳು ನೇರವಾಗಿ ನಾಲ್ಕು ನಾಜಲ್‌ಗಳಿಗೆ ಹೋಗಿದ್ದರೆ ಅದು ಹಳೆಯ ಮೆಕ್ಯಾನಿಕಲ್ ಪಂಪು. ನಡುವೆ ದಪ್ಪನೆಯ ಒಂದು ಉಕ್ಕಿನ ಕೊಳವೆ ಇದ್ದು, ಪ್ರತಿ ಇಂಜೆಕ್ಟರ್ (ಇಲ್ಲಿ ನಾಜಲ್ ಕೆಲಸ ಮಾಡುವುದು ಇದೇ) ತಲೆಯ ಮೇಲೂ ವೈರಿನ ಕನೆಕ್ಟರ್ ಕೂತಿದ್ದರೆ ಅದು ಕಾಮನ್ ರೇಲ್. ವರ್ಷ ನೋಡಿ ಹೇಳಲು ಹೋಗಬೇಡಿ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-4 ನಿಯಮ ಬೆಂಗಳೂರಿನಂಥ ನಗರಗಳಿಗೆ 2010ರಲ್ಲೇ ಬಂತು, ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಆ ನಡುವಿನ ಗಾಡಿಗಳು ಎರಡೂ ಬಗೆಯವು ಸಿಗುತ್ತವೆ.

ಈ ವ್ಯತ್ಯಾಸ ಜೀವದ ಪ್ರಶ್ನೆಯೂ ಹೌದು. ಕಾಮನ್ ರೇಲ್ ಕೊಳವೆಯೊಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಇಂಜಿನ್ ಓಡುವಾಗ ಅದರ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಮುಂದೆ ಹೇಳುವ ನಟ್ಟು ಸಡಿಲಿಸುವ ಪರೀಕ್ಷೆ ಮೆಕ್ಯಾನಿಕಲ್ ಪಂಪಿಗೆ ಮಾತ್ರ.

ಇಂಜಿನ್ನಿನದೇ ತಪ್ಪೇ?

ಬಲ ಕಡಿಮೆಯಾಗಿದೆ ಎಂದು ಬರುವ ಎಷ್ಟೋ ಗಾಡಿಗಳಲ್ಲಿ ಇಂಜಿನ್ ಸರಿಯಾಗೇ ಇರುತ್ತದೆ, ಅದನ್ನು ಬೇರೇನೋ ಹಿಡಿದಿರುತ್ತದೆ. ಐದಾರು ಕಿಲೋಮೀಟರ್ ಬ್ರೇಕ್ ಹೆಚ್ಚು ಒತ್ತದೆ ಓಡಿಸಿ ನಿಲ್ಲಿಸಿ. ನಾಲ್ಕೂ ಚಕ್ರಗಳ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ. ಮಳೆಗಾಲ ಕಳೆದ ಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡದೇ ಇರುವುದು ಮಲೆನಾಡಿನ ಗಾಡಿಗಳಲ್ಲಿ ಮಾಮೂಲು.

ಕ್ಲಚ್ ನೋಡಲು ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ ತಂದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರುತ್ತಾ ಹೋಗಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ.

ಆಮೇಲೆ, ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ, ಆಕ್ಸಿಲರೇಟರ್ ಕೇಬಲ್. ಇಂಜಿನ್ ಆಫ್ ಮಾಡಿ ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ನೀವು ಪಂಪಿನ ಮೇಲಿನ ಲಿವರ್ ನೋಡಿ. ಅದು ಕೊನೆಯ ಸ್ಟಾಪ್ ಸ್ಕ್ರೂವಿಗೆ ತಾಗಬೇಕು. ಕೇಬಲ್ ಎಳೆದು ಸಡಿಲವಾಗಿದ್ದರೆ, ಪೆಡಲ್ ಕೆಳಗೆ ದಪ್ಪ ಮ್ಯಾಟ್ ಹಾಕಿದ್ದರೆ ಲಿವರ್ ಮುಕ್ಕಾಲಿಗೇ ನಿಲ್ಲುತ್ತದೆ. ಅದರ ಪಕ್ಕದಲ್ಲೇ ಇಂಜಿನ್ ಬಂದ್ ಮಾಡುವ ಲಿವರ್ ಇರುತ್ತದೆ. ಅದು ಪೂರ್ತಿ ಹಿಂದಕ್ಕೆ ಬರದೆ ಅರ್ಧಕ್ಕೆ ನಿಂತಿದ್ದರೂ ಡೀಸೆಲ್ ಕಡಿಮೆಯೇ ಬರುತ್ತದೆ. ಇದನ್ನು ನೋಡುವವರು ತುಂಬ ಕಡಿಮೆ. ಪಂಪಿನ ಮೇಲೆ ಸೀಸದ ಸೀಲ್ ಹಾಕಿದ ಸ್ಕ್ರೂಗಳಿಗೆ ಮಾತ್ರ ಕೈ ಹಾಕಬೇಡಿ. ಅದನ್ನು ತಿರುಗಿಸಿ ಬಲ ಬರಿಸುತ್ತೇನೆ ಎನ್ನುವವರು ಬರಿಸಿಯೂ ಬಿಡುತ್ತಾರೆ. ಕೆಲವು ತಿಂಗಳಲ್ಲಿ ಪಿಸ್ಟನ್ ಸುಟ್ಟು ಬರುತ್ತದೆ.

ನಡುಕದ ಬಗ್ಗೆ ಒಂದು ಮಾತು. ಐಡ್ಲಿಂಗ್‌ನಲ್ಲಿ (ನಿಂತಲ್ಲೇ ಇಂಜಿನ್ ಓಡುವಾಗ) ನಡುಕ ಜೋರಾಗಿದ್ದು ರಸ್ತೆಯಲ್ಲಿ ಬಲ ಸರಿಯಾಗೇ ಇದ್ದರೆ ಮೊದಲು ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿ.

ಹೊಗೆ ಹೇಳುವುದನ್ನು ಕೇಳಿ

ಇಡೀ ಹುಡುಕಾಟದ ದಿಕ್ಕು ಇಲ್ಲಿ ತೀರ್ಮಾನವಾಗುತ್ತದೆ. ಲೋಡು ಹಾಕಿ, ಇಂಜಿನ್ ಬಿಸಿಯಾದ ಮೇಲೆ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಏರು ಹತ್ತಿಸಿ. ಹಿಂದೆ ಬೈಕಿನಲ್ಲಿ ಒಬ್ಬರು ಬರಲಿ. ನಿಂತಲ್ಲೇ ರೇಸ್ ಮಾಡಿ ನೋಡಿದ ಹೊಗೆಗೆ ಬೆಲೆ ಇಲ್ಲ.

ಡೀಸೆಲ್ ಇಂಜಿನ್ನಿನಲ್ಲಿ ಬಲ ಹುಟ್ಟುವುದು ಗಾಳಿ ಮತ್ತು ಡೀಸೆಲ್ ಸೇರಿ. ಬಲವಿಲ್ಲ, ಕಪ್ಪು ಹೊಗೆ ದಟ್ಟವಾಗಿದೆ ಎಂದರೆ ಡೀಸೆಲ್ ಬರುತ್ತಿದೆ, ಅದನ್ನು ಉರಿಸುವಷ್ಟು ಗಾಳಿ ಇಲ್ಲ, ಇಲ್ಲವೇ ನಾಜಲ್ ಸರಿಯಾಗಿ ಚದುರಿಸದೆ ಸುರಿಯುತ್ತಿದೆ. ಬಲವೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಡೀಸೆಲ್ಲೇ ಸಾಕಷ್ಟು ತಲುಪುತ್ತಿಲ್ಲ. ಬಿಳಿ ಹೊಗೆ, ಕಣ್ಣು ಉರಿಸುವ ಡೀಸೆಲ್ ವಾಸನೆ ಎಂದರೆ ಯಾವುದೋ ಸಿಲಿಂಡರಿನಲ್ಲಿ ಡೀಸೆಲ್ ಉರಿಯದೆ ಹೊರಬರುತ್ತಿದೆ. ಕಂಪ್ರೆಷನ್ (ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ) ಕಡಿಮೆ, ಟೈಮಿಂಗ್ (ಡೀಸೆಲ್ ಚಿಮ್ಮುವ ಗಳಿಗೆ) ಹಿಂದೆ ಬಿದ್ದಿದೆ, ಅಥವಾ ನಾಜಲ್ ಸೋರುತ್ತಿದೆ. ಬಿಳಿ ಹೊಗೆಯ ಜತೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನೀಲಿ ಹೊಗೆ ಇಂಜಿನ್ ಆಯಿಲ್‌ನದು. ರಿಂಗು, ವಾಲ್ವ್ ಗೈಡು, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಸೀಲು, ಮೂರರಲ್ಲಿ ಒಂದು.

ಹೊಗೆ ಇಲ್ಲದೆ ಸುಸ್ತಾದರೆ

ಡೀಸೆಲ್ ದಾರಿಯನ್ನು ಟ್ಯಾಂಕಿನಿಂದ ಹಿಡಿದು ಪಂಪಿನವರೆಗೆ ನಡೆದು ನೋಡಬೇಕು. ನನ್ನ ಲೆಕ್ಕದಲ್ಲಿ ಹಳೇ ಪಿಕಪ್‌ಗಳ ಹೆಚ್ಚಿನ ಕಾಯಿಲೆ ಈ ದಾರಿಯಲ್ಲೇ ಇರುತ್ತದೆ.

ಅರ್ಧ ಗಂಟೆ ಓಡಿದ ಮೇಲೆ ಗಾಡಿ ಸೋಲುತ್ತದೆ, ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಹೀಗಿದ್ದರೆ ಸೋತ ಗಳಿಗೆಯಲ್ಲೇ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ಎಳೆದರೆ ಮುಚ್ಚಳದ ಗಾಳಿಕಂಡಿ ಕಟ್ಟಿದೆ. ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಡೀಸೆಲ್ ಬರುವುದು ನಿಂತಿದೆ. ಸದ್ದು ಬರದಿದ್ದರೆ ಟ್ಯಾಂಕಿನೊಳಗಿನ ಜಾಲರಿ. ಟ್ಯಾಂಕಿನ ತಳದ ತುಕ್ಕು, ಕಸ ಓಡುವಾಗ ಬಂದು ಜಾಲರಿಗೆ ಅಂಟಿ, ನಿಂತಾಗ ಮತ್ತೆ ಉದುರುತ್ತದೆ.

ಫಿಲ್ಟರಿನ ಕೆಳಗಿನ ನೀರಿನ ತಿರುಪು ಬಿಚ್ಚಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಇಟ್ಟರೆ ನೀರಿದ್ದಲ್ಲಿ ತಳಕ್ಕೆ ಇಳಿದು ಗೆರೆ ಕಾಣುತ್ತದೆ. ಕಪ್ಪು ಲೋಳೆಯಂಥದ್ದು ಬಂದರೆ ನೀರು ಸೇರಿದ ಡೀಸೆಲ್ಲಿನಲ್ಲಿ ಸೂಕ್ಷ್ಮಜೀವಿ ಬೆಳೆದಿದೆ. ಫಿಲ್ಟರ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಎರಡು ಫಿಲ್ಟರ್ ಇರುವ ಗಾಡಿಗಳಲ್ಲಿ ಎರಡನ್ನೂ ಬದಲಿಸಿ. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪಿನ ಬಾಯಲ್ಲಿ ಒಂದು ಪುಟ್ಟ ಜಾಲರಿ ಇರುವ ಗಾಡಿಗಳೂ ಇವೆ. ವರ್ಷಗಟ್ಟಲೆ ಸರ್ವಿಸ್ ಆದರೂ ಅದನ್ನು ಯಾರೂ ತೆಗೆದಿರುವುದಿಲ್ಲ.

ಗಾಳಿ ಎಳೆಯುವ ತೊಂದರೆ ಇವೆಲ್ಲಕ್ಕಿಂತ ಕಳ್ಳ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಇಂಜಿನ್ ಓಡುವಾಗ ಒತ್ತಡ ಇರುವುದಿಲ್ಲ, ಎಳೆತ ಇರುತ್ತದೆ. ಹಾಗಾಗಿ ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆ ಗಾಳಿ ಒಳಗೆ ಹೋಗುತ್ತದೆ. ಕೆಳಗೆ ಒಂದು ಹನಿಯೂ ಬಿದ್ದಿಲ್ಲ, ಲೀಕೇಜ್ ಇಲ್ಲ ಎಂದು ಮೋಸಹೋಗುವುದು ಇಲ್ಲೇ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಕೈಯಿಂದ ಡೀಸೆಲ್ ತಳ್ಳುವ ಹ್ಯಾಂಡ್ ಪ್ರೈಮರ್ ನಾಲ್ಕು ಸಲ ಒತ್ತಿದರೆ ತಟ್ಟನೆ ಹಿಡಿಯುವುದು, ಐಡ್ಲಿಂಗ್ ಏರಿಳಿಯುವುದು ಇದರ ಗುರುತು. ರಾತ್ರಿಯೆಲ್ಲ ನಿಂತಾಗ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ.

ಹಿಡಿಯುವ ಉಪಾಯ ಸರಳ. ಫೀಡ್ ಪಂಪಿಗೆ ಬರುವ ಹೋಸ್ ಬದಲು ಒಂದು ಗೇಣು ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಹಾಕಿ ಇಂಜಿನ್ ಓಡಿಸಿ. ಗುಳ್ಳೆ ಸಾಲಾಗಿ ಬಂದರೆ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ. ಖಚಿತ ಮಾಡಿಕೊಳ್ಳಲು ಕ್ಯಾನ್ ಪರೀಕ್ಷೆ ಇದೆ. ಐದು ಲೀಟರಿನ ಶುಭ್ರ ಕ್ಯಾನಿಗೆ ಒಳ್ಳೆಯ ಡೀಸೆಲ್ ತುಂಬಿ, ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡಿನಿಂದ ದೂರ, ಕ್ಯಾಬಿನ್ ಹಿಂದೆ ಗಾಡಿಯ ಮೈಗೆ ಗಟ್ಟಿಯಾಗಿ ಕಟ್ಟಿ. ಅಲ್ಲಿಂದ ಹೊಸ ಹೋಸ್ ನೇರ ಫೀಡ್ ಪಂಪಿಗೆ, ರಿಟರ್ನ್ ಪೈಪ್ ವಾಪಸ್ ಕ್ಯಾನಿಗೆ. ಪೈಪಿನಲ್ಲಿ ಸೇರಿದ ಗಾಳಿ (ಏರ್) ತೆಗೆದು, ಅದೇ ಏರು ರಸ್ತೆಗೆ ಹೋಗಿ ಬನ್ನಿ. ಬಲ ಮರಳಿತೇ? ಹಾಗಾದರೆ ಪಂಪು, ನಾಜಲ್, ಕಂಪ್ರೆಷನ್ ಎಲ್ಲ ಆ ದಿನದ ಮಟ್ಟಿಗೆ ನಿರ್ದೋಷಿಗಳು. ತಪ್ಪು ಟ್ಯಾಂಕ್ ಮತ್ತು ಫೀಡ್ ಪಂಪಿನ ನಡುವೆ. ಹೋಸುಗಳು, ಕ್ಲಿಪ್ಪುಗಳು, ಪೈಪು ಜೋಡಿಸುವ ತೂತುಳ್ಳ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳು, ಛಾಸಿಗೆ ಉಜ್ಜಿ ಸವೆದ ಪೈಪು, ಇಷ್ಟನ್ನು ನೋಡಿದರೆ ಸಿಕ್ಕೇ ಸಿಗುತ್ತದೆ. ಹಳೆಯ ವಾಷರನ್ನು ತಿರುಗಿಸಿ ಹಾಕುವ ಜುಗ್ಗತನ ಬೇಡ.

ಏರ್ ತೆಗೆಯುವ ಕ್ರಮ ಮೆಕ್ಯಾನಿಕಲ್ ಪಂಪಿನಲ್ಲಿ ಹೀಗೆ: ಫಿಲ್ಟರ್ ತಲೆಯ ತಿರುಪು ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ, ಬಿಗಿ ಮಾಡಿ. ಆಮೇಲೆ ಪಂಪಿನ ಮೇಲಿನ ತಿರುಪಿಗೂ ಅಷ್ಟೇ.

ಟರ್ಬೊ ಇರುವ ಕೆಲವು ಮೆಕ್ಯಾನಿಕಲ್ ಪಂಪುಗಳ ತಲೆಗೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ (ಗಾಳಿ ಇಂಜಿನ್ ಸೇರುವ ಕವಲು ಕೊಳವೆ) ಒಂದು ಸಣ್ಣ ಪೈಪ್ ಬಂದಿರುತ್ತದೆ. ಟರ್ಬೊ ಒತ್ತಡ ಏರಿದಂತೆ ಪಂಪಿಗೆ ಡೀಸೆಲ್ ಹೆಚ್ಚಿಸಲು ಹೇಳುವುದು ಅದೇ. ಅದು ಒಡೆದರೆ ಹೊಗೆಯಿಲ್ಲದೆ, ಸದ್ದಿಲ್ಲದೆ, ಬಲ ಮಾತ್ರ ಮಾಯ. ಅದೊಂದು ಪೈಪಿಗಾಗಿ ಪಂಪನ್ನೇ ಬಿಚ್ಚಿಸಿದವರಿದ್ದಾರೆ.

ಕಪ್ಪು ಹೊಗೆ ಬಂದರೆ

ಏರ್ ಫಿಲ್ಟರ್ ತೆಗೆದು ನೋಡಿ. ವಾರಗಟ್ಟಲೆ ಗೋದಾಮಿನ ಬಳಿ ನಿಂತ ಗಾಡಿಯಾದರೆ ಡಬ್ಬದೊಳಗೆ ಇಲಿ ಗೂಡು ಕಟ್ಟಿರುವುದೂ ಉಂಟು. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕಿತ್ತು ಬಂದು ದಾರಿ ಮುಚ್ಚಿರಬಹುದು. ಒಬ್ಬರು ರೇಸ್ ಕೊಡುವಾಗ ನೀವು ಹೋಸ್ ನೋಡಿ, ಕೆನ್ನೆ ಒಳಗೆ ಎಳೆದುಕೊಂಡಂತೆ ಅದು ಚಪ್ಪಟೆಯಾದರೆ ಬದಲಿಸಿ.

ಟರ್ಬೊದಿಂದ ಮುಂದೆ, ಇಂಟರ್‌ಕೂಲರ್ (ಗಾಳಿ ತಣಿಸುವ ಭಾಗ) ದಾಟಿ ಇನ್‌ಟೇಕ್ ಮ್ಯಾನಿಫೋಲ್ಡಿನವರೆಗೆ ಪರಿಸ್ಥಿತಿ ತಿರುಗಾಮುರುಗಾ. ಅಲ್ಲಿ ಒತ್ತಡ ಇರುತ್ತದೆ, ಬಿರುಕಿದ್ದರೆ ಗಾಳಿ ಹೊರಗೆ ಹೋಗುತ್ತದೆ. ಏರಿನಲ್ಲಿ ಹೊಸದಾಗಿ ಸುಯ್ ಎನ್ನುವ ಸದ್ದು, ಹೋಸಿನ ಜೋಡಣೆಯಲ್ಲಿ ಎಣ್ಣೆ ಬೆರೆತ ಧೂಳಿನ ಕಲೆ ಕಂಡರೆ ಅಲ್ಲೇ. ಟರ್ಬೊವನ್ನು ನೋಡುವುದು ಇಂಜಿನ್ ತಣ್ಣಗಿದ್ದಾಗ, ಆಫ್ ಇದ್ದಾಗ. ಹೋಸ್ ತೆಗೆದು ಟರ್ಬೊ ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಸ್ವಲ್ಪ ಅಡ್ಡ ಅಲುಗಾಟ ಇರಬಹುದು. ಹಿಂದೆ ಮುಂದೆ ಜಗ್ಗಿದರೆ, ರೆಕ್ಕೆ ಗೋಡೆಗೆ ಉಜ್ಜಿದರೆ ಆಯಸ್ಸು ಮುಗಿದಿದೆ. ಸೀಲ್ ಹೋದ ಟರ್ಬೊ ಆಯಿಲನ್ನೇ ಇಂಜಿನ್ನಿಗೆ ಕುಡಿಸಿ, ಕೀ ತೆಗೆದರೂ ಇಂಜಿನ್ ತಾನಾಗೇ ರೇಸ್ ಆಗುತ್ತಾ ಹೋಗುವ ಅಪಾಯವಿದೆ. ಹಾಗಾದರೆ ಗಾಬರಿಯಾಗದೆ ಬ್ರೇಕ್ ಗಟ್ಟಿಯಾಗಿ ಒತ್ತಿ ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡಿ, ಇಂಜಿನ್ ನಿಲ್ಲುತ್ತದೆ. ಗಾಳಿಬಾಯಿಗೆ ಕೈ ಅಡ್ಡ ಹಿಡಿಯಬೇಡಿ.

ಗಾಳಿ ಒಳಗೆ ಬರಬೇಕಾದರೆ ಹೊಗೆ ಹೊರಗೆ ಹೋಗಬೇಕು. ಸೈಲೆನ್ಸರ್ ಒಳಗಿನ ತಗಡು ಕಳಚಿ ಅಡ್ಡ ಬಿದ್ದರೂ ಗಾಡಿ ಉಸಿರುಗಟ್ಟುತ್ತದೆ. ಮುಂದಿನ ಫ್ಲ್ಯಾಂಜ್ ಸಡಿಲಿಸಿ ಒಂದು ಸಣ್ಣ ಸುತ್ತು ಹೋದರೆ ಗೊತ್ತಾಗುತ್ತದೆ. ಸುಟ್ಟ ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ವಾಪಸ್ ಕಳಿಸುವ ಇಜಿಆರ್ ವಾಲ್ವ್ ಇರುವ ಗಾಡಿಗಳಲ್ಲಿ ಆ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತರೆ, ಸುಟ್ಟ ಹೊಗೆಯೇ ಮತ್ತೆ ಇಂಜಿನ್ ಸೇರಿ ಕಪ್ಪು ಹೊಗೆ ಮತ್ತು ಸುಸ್ತು ಎರಡೂ ಬರುತ್ತವೆ. ಬಿಚ್ಚಿ ಮಸಿ ತೆಗೆದರೆ ಸಾಕು. ತಗಡು ಹೊಡೆದು ಶಾಶ್ವತವಾಗಿ ಮುಚ್ಚುವುದು ಕಾನೂನಿಗೂ ಸಲ್ಲದು.

ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಬಲ ಕಳೆದುಕೊಳ್ಳುತ್ತದೆ. ಮಂಗಳೂರಿನಿಂದ ಹೊರಟು ಚಾರ್ಮಾಡಿ ಹತ್ತಿ ಬಾಬಾಬುಡನ್‌ಗಿರಿಯ ಕಡೆ ಹೋದಾಗ ಗಾಡಿ ಸ್ವಲ್ಪ ಸೋತು ಸ್ವಲ್ಪ ಹೆಚ್ಚು ಹೊಗೆ ಬಿಟ್ಟರೆ ಅದಕ್ಕೆ ಔಷಧಿ ಹುಡುಕಬೇಡಿ.

ಮಿಸ್ ಹೊಡೆಯುವ ಸಿಲಿಂಡರ್ ಯಾವುದು?

ಎರಡೂ ಬಗೆಯ ಇಂಜಿನ್ನಿಗೆ ಹೊಂದುವ ಪರೀಕ್ಷೆ ಮೊದಲು. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದು ನಿಮಿಷದೊಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕೂ ಕವಲುಗಳಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಮೂರು ಬೇಗ ಬಿಸಿಯಾಗಿ ಒಂದು ಹಿಂದೆ ಉಳಿದರೆ ಅಲ್ಲಿ ಉರಿ ಸರಿಯಾಗಿ ಹುಟ್ಟುತ್ತಿಲ್ಲ.

ಮೆಕ್ಯಾನಿಕಲ್ ಪಂಪಿನಲ್ಲಿ ಇನ್ನೂ ನಿಖರ ದಾರಿ ಇದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿ, ಐಡ್ಲಿಂಗ್‌ನಲ್ಲಿ ಒಂದನೇ ನಾಜಲ್ ಪೈಪಿನ ನಟ್ಟಿನ ಮೇಲೆ ಬಟ್ಟೆ ಮುಚ್ಚಿ ಅರ್ಧ ಸುತ್ತು ಸಡಿಲಿಸಿ. ಇಂಜಿನ್ ಸದ್ದು ಬದಲಾಗಿ ಇನ್ನಷ್ಟು ನಡುಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಬಿಗಿ ಮಾಡಿ ಎರಡನೆಯದಕ್ಕೆ ಹೋಗಿ. ಯಾವುದನ್ನು ಸಡಿಲಿಸಿದರೂ ಇಂಜಿನ್ನಿಗೆ ಏನೂ ಅನ್ನಿಸುವುದಿಲ್ಲವೋ ಅದೇ ಸತ್ತದ್ದು.

ಈಗಲೇ ಪಂಪು-ನಾಜಲ್ ರಿಪೇರಿಯ ಪಂಪ್ ರೂಮಿಗೆ ಓಡಬೇಡಿ. ಸತ್ತ ಸಿಲಿಂಡರಿನ ನಾಜಲನ್ನು ಪಕ್ಕದ್ದರ ಜತೆ ಅದಲುಬದಲು ಮಾಡಿ, ತಳಕ್ಕೆ ಹೊಸ ತಾಮ್ರದ ವಾಷರ್ ಹಾಕಿ. ಮಿಸ್ ನಾಜಲ್ ಜತೆಗೇ ಪಕ್ಕಕ್ಕೆ ಹೋಯಿತೆಂದರೆ ತಪ್ಪು ನಾಜಲಿನದು. ಅಲ್ಲೇ ಉಳಿಯಿತೆಂದರೆ ಪಂಪಿನಲ್ಲಿ ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಎಲಿಮೆಂಟು, ಅದರ ಡೆಲಿವರಿ ವಾಲ್ವು, ಅಥವಾ ಸಿಲಿಂಡರಿನದೇ ಕಂಪ್ರೆಷನ್. ನಾಜಲ್ ಬುಡದಲ್ಲಿ ಟಾರಿನಂಥ ಕಪ್ಪು ಗಟ್ಟಿ, ಚುಫ್ ಚುಫ್ ಸದ್ದು ಇದ್ದರೆ ವಾಷರ್ ಸೋರಿ ಕಂಪ್ರೆಷನ್ ಹೊರಗೆ ಹೋಗುತ್ತಿದೆ.

ಕಾಮನ್ ರೇಲ್‌ನಲ್ಲಿ ಹೀಗೆ ಅದಲುಬದಲು ನಡೆಯುವುದಿಲ್ಲ. ಹಲವು ಇಂಜೆಕ್ಟರುಗಳಿಗೆ ಅದರದರ ಗುರುತಿನ ಕೋಡ್ ಇರುತ್ತದೆ, ಜಾಗ ಬದಲಾದರೆ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ತಿಳಿಸಬೇಕು. ಅಲ್ಲಿ ಮೊದಲು ಇಸಿಯುವಿನ ದೋಷದ ಕೋಡ್ ಓದುವ ಸ್ಕ್ಯಾನರ್. ಪಿ0087 ಬಂದರೆ ರೇಲ್ ಒತ್ತಡ ಸಾಲುತ್ತಿಲ್ಲ. ಕೂಡಲೇ ಹೈ ಪ್ರೆಷರ್ ಪಂಪನ್ನು ಬೈಯದೆ ಫಿಲ್ಟರ್ ಮತ್ತು ಗಾಳಿ ಎಳೆತ ನೋಡಿ. ಪಿ0299 ಟರ್ಬೊ ಒತ್ತಡ ಕಡಿಮೆ ಎನ್ನುತ್ತದೆ. ಹೋಸುಗಳಿಂದ ಶುರು ಮಾಡಿ. ಪಿ0201ರಿಂದ ಪಿ0204 ಕ್ರಮವಾಗಿ ನಾಲ್ಕು ಇಂಜೆಕ್ಟರುಗಳ ವೈರಿಂಗ್ ದೋಷ. ಇಲಿ ಕಡಿದ ವೈರು, ತುಕ್ಕು ಹಿಡಿದ ಪಿನ್ನು ಮೊದಲ ಅನುಮಾನ. ಕೋಡ್ ಎಂದರೆ ಎಲ್ಲಿ ಹುಡುಕಬೇಕೆಂಬ ಸುಳಿವು, ಯಾವ ಪಾರ್ಟ್ ತರಬೇಕೆಂಬ ಚೀಟಿಯಲ್ಲ. ಎಂಜಿನ್ ಲೈಟ್ ಹತ್ತಿ, ಎಷ್ಟೇ ಒತ್ತಿದರೂ ಒಂದು ಮಿತಿಗಿಂತ ರೇಸ್ ಏರದಿದ್ದರೆ ಗಾಡಿ ತನ್ನನ್ನು ತಾನು ಕಾಪಾಡಿಕೊಳ್ಳುವ ಲಿಂಪ್ ಮೋಡಿಗೆ ಹೋಗಿದೆ.

ಇಂಜೆಕ್ಟರ್ ಸವೆತ ತಿಳಿಯಲು ರಿಟರ್ನ್ ಪರೀಕ್ಷೆ ಮಾಡಿಸಿ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪುಗಳನ್ನು ನಾಲ್ಕು ಒಂದೇ ಅಳತೆಯ ಬಾಟಲಿಗೆ ಬಿಟ್ಟು ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸುವುದು. ಒಂದು ಬಾಟಲಿ ಉಳಿದವಕ್ಕಿಂತ ಬಹಳ ಬೇಗ ತುಂಬಿದರೆ ಆ ಇಂಜೆಕ್ಟರ್ ಒತ್ತಡವನ್ನು ಒಳಗೇ ಸೋರಿಸುತ್ತಿದೆ. ಹೀಗೆ ಹಿಡಿದರೆ ನಾಲ್ಕರ ಬದಲು ಒಂದೇ ಇಂಜೆಕ್ಟರಿನ ಖರ್ಚಿನಲ್ಲಿ ಮುಗಿಯುತ್ತದೆ.

ಕೊನೆಗೆ ಉಳಿಯುವುದು

ಇಷ್ಟಕ್ಕೂ ಸಿಗದಿದ್ದರೆ ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಬಿಡುವು) ಮ್ಯಾನುಯಲ್ ಹೇಳಿದಂತೆ ಇದೆಯೇ ನೋಡಿಸಿ. ಸಂದು ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ನಿಲ್ಲುವುದಿಲ್ಲ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹಳೇ ಇಂಜಿನ್ನಿನಲ್ಲಿ ತೆಳ್ಳಗೆ ಹಬೆ ಬರುವುದು ಸಹಜ. ರೈಲಿನ ಹಾಗೆ ತಾಳ ಹಾಕುತ್ತಾ ಹೊಗೆ ಉಗುಳಿದರೆ ರಿಂಗು ಸವೆದಿದೆ. ಆಮೇಲೆ ಕಂಪ್ರೆಷನ್ ಗೇಜ್ ಹಾಕಿಸಿ. ಅಂಕಿ ಎಷ್ಟು ಎನ್ನುವುದಕ್ಕಿಂತ ನಾಲ್ಕರ ನಡುವಿನ ಅಂತರ ಮುಖ್ಯ. ನಾಲ್ಕೂ ಸಮವಾಗಿ ಸ್ವಲ್ಪ ಇಳಿದ ಇಂಜಿನ್ ಇನ್ನೂ ವರ್ಷಗಟ್ಟಲೆ ದುಡಿಯುತ್ತದೆ. ಮೂರು ಒಳ್ಳೆಯವು, ಒಂದು ಕೆಟ್ಟದ್ದು ಎಂದರೆ ಹೆಡ್ ಇಳಿಸಲೇಬೇಕು. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್.

ಪಂಪಿನದೇ ದೋಷ ಎಂದು ಈ ದಾರಿಯಲ್ಲಿ ಬಂದು ತಲುಪಿದರೆ ಆಗ ಬಿಚ್ಚಿಸಿ. ಪಂಪ್ ರೂಮಿನಲ್ಲಿ ಕೆಲಸ ಶುರು ಮಾಡುವ ಮುನ್ನ ಬೆಂಚಿನ ಮೇಲೆ ಓಡಿಸಿ ನಾಲ್ಕೂ ಲೈನಿನ ಡೀಸೆಲ್ ಅಳತೆ ಬರೆದುಕೊಡಲು ಕೇಳಿ, ನಾಜಲ್ ತೆರೆಯುವ ಒತ್ತಡ ಮತ್ತು ಚದುರುವ ರೀತಿಯನ್ನು ಎದುರಲ್ಲೇ ತೋರಿಸಲು ಹೇಳಿ. ಕೆಲಸ ಮುಗಿದ ಮೇಲಿನ ಅಳತೆಯನ್ನೂ ಅದೇ ಕಾಗದದಲ್ಲಿ ಬರೆಸಿ, ಹಳೆಯ ಎಲಿಮೆಂಟುಗಳನ್ನು ವಾಪಸ್ ಪಡೆಯಿರಿ. ಪಂಪ್ ಮತ್ತೆ ಕೂರಿಸುವಾಗ ಟೈಮಿಂಗ್ ಗುರುತು ಒಂದು ಹಲ್ಲು ತಪ್ಪಿದರೂ ಹೊಸ ಪಂಪಿನ ಮೇಲೆ ಹಳೇ ಕಾಯಿಲೆ ಮರಳುತ್ತದೆ. ಆದ್ದರಿಂದ ಹಣ ಕೊಡುವ ಮೊದಲು, ಹಿಂದೆ ಸೋತಿದ್ದ ಅದೇ ಏರಿಗೆ, ಅಷ್ಟೇ ಲೋಡು ಹಾಕಿ, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಬನ್ನಿ.